ಮಲ್ಲಕ್ಕ ಕುಡಿದ ಹಾಲು

ಮಲ್ಲಕ್ಕನಿಗೆ ಜಂಬ ಅಂತ ಇದ್ದದ್ದು ಒಂದೇ ಒಂದು ವಿಷಯಕ್ಕೆ, ತನ್ನದು ಒಪ್ಪಿ ಆದ ಮದುವೆ ಎಂಬುದಕ್ಕೆ. ಉಳಿದಂತೆ ಆಕೆಯ ಬಳಿ ಜಂಬ ಪಡುವಂಥದ್ದು ಏನೂ ಇರಲಿಲ್ಲ. ಚಿತ್ರದುರ್ಗದ ಹೊರಗಿರುವ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಆಕೆಯದು. ಪಂಜರ ತೊಳೆದು, ಕೆಳಗೆ ಹಾಸಿದ ಭತ್ತದ ಹೊಟ್ಟು ಬದಲಿಸಿ, ನೀರಿನ ಬಾಟಲಿ ತುಂಬಿ, ಸಂಜೆ ಹಿರೇಗುಂಟನೂರಿನ ಬಸ್ಸು ಹತ್ತಿದರೆ ಪಕ್ಕದವರು ಮೂಗು ಮುಚ್ಚಿಕೊಂಡು ಬೇರೆ ಸೀಟು ಹುಡುಕುತ್ತಿದ್ದರು. ಅದಕ್ಕೆಲ್ಲ ಆಕೆ ಬೇಜಾರು ಮಾಡಿಕೊಂಡವಳಲ್ಲ. ಕಾಲು ಚಾಚಿಕೊಂಡು ಹೋಗಬಹುದಲ್ಲ ಅನ್ನುತ್ತಿದ್ದಳು.

ನಾನು ಅದೇ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಹೆಸರು ಉಷಾ, ಊರು ಹೊಸದುರ್ಗ, ಅಪ್ಪನದು ಕೊಬ್ಬರಿ ವ್ಯಾಪಾರ. ಬಾಯಿ ಜೋರು ಎಂದು ಹೆಸರು ತೆಗೆದುಕೊಂಡಿದ್ದೇನೆ, ಅದು ಸುಳ್ಳೂ ಅಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾವು ಹೆಂಗಸರು ನಮ್ಮ ನಮ್ಮ ಮದುವೆಯ ಪುರಾಣ ತೆಗೆಯುವುದಿತ್ತು. ಒಬ್ಬಳು ಗಂಡನ ಮುಖ ನೋಡಿದ್ದೇ ಧಾರೆಯ ದಿನ. ಇನ್ನೊಬ್ಬಳನ್ನು ಪಿಯುಸಿ ಬಿಡಿಸಿ ಹಸೆಗೆ ಕೂರಿಸಿದ್ದರು. ಮಲ್ಲಕ್ಕ ಎಲ್ಲರದನ್ನೂ ಕೇಳಿಸಿಕೊಂಡು, ಮುದ್ದೆ ಮುರಿಯುತ್ತ ಕೊನೆಗೆ ತನ್ನದನ್ನು ಹೇಳುತ್ತಿದ್ದಳು. ಅವರ ಕುಲದಲ್ಲಿ ಕೇಳದೆ ಹೆಣ್ಣು ಕೊಡುವುದಿಲ್ಲವಂತೆ. ವೀಳ್ಯದ ದಿನ ಕುಲದ ಯಜಮಾನ ಎಲ್ಲರೆದುರು ಹುಡುಗಿಯನ್ನು ಕೇಳುತ್ತಾನೆ. ಆಕೆ ತಟ್ಟೆಯಿಂದ ಎಲೆಅಡಿಕೆ ಕೈಗೆತ್ತಿಕೊಂಡರೆ ಒಪ್ಪಿಗೆ. ಎತ್ತಿಕೊಳ್ಳದಿದ್ದರೆ ಬಂದವರು ಉಂಡು ಸುಮ್ಮನೆ ಎದ್ದು ಹೋಗಬೇಕು. ಮಲ್ಲಕ್ಕ ಮೊದಲು ಬೇಡ ಅಂದಿದ್ದಳು. ಗಂಡು ಈರಬಸಪ್ಪ ಸ್ವಂತ ಸೋದರಮಾವ, ವಯಸ್ಸಿನಲ್ಲಿ ತೀರ ಹಿರಿಯ, ಕುರಿ ಹಿಂದೆ ತಿಂಗಳುಗಟ್ಟಲೆ ಊರು ಬಿಡುವವನು. ವೀಳ್ಯದ ಹಿಂದಿನ ದಿನದವರೆಗೂ ಅತ್ತಿದ್ದಳು. ಆ ದಿನ ಮಾತ್ರ ಮನಸ್ಸು ತಾನಾಗಿ ತಿಳಿಯಾಯಿತಂತೆ.

"ನನ್ನ ಯಾರೂ ತಳ್ಳಲಿಲ್ಲ. ನಾನೇ ಕೈಯಾರೆ ತಗಂಡೆ," ಅನ್ನುವಾಗ ಆಕೆಯ ಬೆನ್ನು ನೆಟ್ಟಗಾಗುತ್ತಿತ್ತು.

ಮುಂದಿನ ಬದುಕನ್ನೆಲ್ಲ ಆಕೆ ಆ ಒಂದು ಮಾತಿನ ಮೇಲೆ ನಿಲ್ಲಿಸಿಕೊಂಡಿದ್ದಳು. ಈರಬಸಪ್ಪ ಹೊಡೆದವನಲ್ಲ, ಕುಡಿದವನಲ್ಲ, ಕೆಟ್ಟವನಲ್ಲ. ಈ ಕೆಟ್ಟವನಲ್ಲ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ತರಕಾರಿ ಕೊಳ್ಳುವಾಗಲೂ ಕೊಳೆತಿಲ್ಲ ಅಂತಷ್ಟೇ ನೋಡಿ ಯಾರೂ ಕೊಳ್ಳುವುದಿಲ್ಲ. ಆತ ಮನೆಗೆ ಬಂದರೆ ಉಣ್ಣುತ್ತಿದ್ದ, ಮಲಗುತ್ತಿದ್ದ, ಕುರಿಗಳ ಜೊತೆ ಆಡುವಷ್ಟು ಮಾತನ್ನೂ ಹೆಂಡತಿಯ ಜೊತೆ ಆಡುತ್ತಿರಲಿಲ್ಲ. ಮಲ್ಲಕ್ಕನಿಗೆ ಬೇಸರವಾದಾಗಲೆಲ್ಲ, ತಾನೇ ಆರಿಸಿಕೊಂಡದ್ದು, ತಾನೇ ಹೊರಬೇಕು ಎಂದು ಸಮಾಧಾನ ತಂದುಕೊಳ್ಳುತ್ತಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಆಕೆಯ ಬಾಯಲ್ಲಿ ಬೈಗುಳವಾಗಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಮೋನಿಕಾ. ಬಿ.ಎ. ಮುಗಿಸಿ ಹೊಸದುರ್ಗದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಇಡೀ ದಿನ ಕಂಪ್ಯೂಟರ್ ಮುಂದೆ ಕುಳಿತು ಮದುವೆ ಆಲ್ಬಂ ತಯಾರು ಮಾಡುವುದು. ಅತ್ತು ಊದಿದ ಮದುಮಗಳ ಕಣ್ಣನ್ನು ಸರಿಮಾಡುವುದು ತನಗೆ ಚೆನ್ನಾಗಿ ಬರುತ್ತದೆ ಎಂದು ನನ್ನ ಹತ್ತಿರ ನಗುತ್ತ ಹೇಳಿದ್ದಳು. ಅವಳಿಗೆ ರಂಗಕ್ಕನ ಕಿರಿಮಗ ಓಬಳೇಶನ ಸಂಬಂಧ ಬಂದಿತ್ತು. ರಂಗಕ್ಕ ಅಂದರೆ ಈರಬಸಪ್ಪನ ಅಕ್ಕ, ಮಲ್ಲಕ್ಕನಿಗೆ ದೊಡ್ಡಮ್ಮ. ಹೆತ್ತ ತಾಯಿ ತೀರಿಹೋದ ಮೇಲೆ ಮಲ್ಲಕ್ಕನನ್ನು ಎದೆಗೆ ಹಾಕಿಕೊಂಡು ಸಾಕಿದವಳು, ತನ್ನ ತಮ್ಮನಿಗೇ ತಂದುಕೊಂಡವಳು. ಓಬಳೇಶ್ ಹಿರಿಯೂರಿನಲ್ಲಿ ಲಾರಿ ಓಡಿಸುತ್ತಿದ್ದ. ಅವನೂ ಕೆಟ್ಟವನಲ್ಲ. ಮೋನಿಕಾಗೆ ಬೇರೆ ಯಾರ ಮೇಲೂ ಮನಸ್ಸಿರಲಿಲ್ಲ, ಇವನು ಬೇಡ ಅಷ್ಟೆ. ಮಲ್ಲಕ್ಕ ಮಗಳಿಗೆ ಧೈರ್ಯ ಹೇಳಿದ್ದಳು. ವೀಳ್ಯದ ದಿನ ಯಜಮಾನರು ಕೇಳೇ ಕೇಳುತ್ತಾರೆ, ಬೇಡ ಅನ್ನಿಸಿದರೆ ಕೈ ಚಾಚಬೇಡ, ಯಾರೂ ಬಲವಂತ ಮಾಡುವಂತಿಲ್ಲ ಎಂದು. ಅಷ್ಟು ಜನರ ಮುಂದೆ ಬಾಯಿ ಬರದಿದ್ದರೆ ಏನು ಮಾಡಲಿ ಎಂದು ಹುಡುಗಿ ಕೇಳಿದಳು.

"ನಾನು ಎದುರಿಗೇ ಕುಂತಿರ್ತೀನಿ. ನನ್ನ ಮುಖ ನೋಡು," ಎಂದಿದ್ದಳು ಮಲ್ಲಕ್ಕ.

ಇದೇ ಹೊತ್ತಿಗೆ ತೇಜಸ್ವಿನಿಯ ಪ್ರಯೋಗ ಶುರುವಾಯಿತು. ತೇಜಸ್ವಿನಿ ಹೊಳಲ್ಕೆರೆಯ ಹುಡುಗಿ, ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಹೆಣ್ಣು ಇಲಿ ತನಗೆ ಬೇಕಾದ ಗಂಡನ್ನು ಹೇಗೆ ಆರಿಸುತ್ತದೆ, ಆ ಆಯ್ಕೆಯಲ್ಲಿ ಹಾರ್ಮೋನುಗಳ ಪಾಲು ಎಷ್ಟು, ಗಾಂಜಾದಲ್ಲಿರುವಂಥ ವಸ್ತುವನ್ನು ಕೊಟ್ಟರೆ ಆ ಆಯ್ಕೆ ಏನಾಗುತ್ತದೆ ಎಂಬುದು ಅವಳ ವಿಷಯ. ನಮ್ಮ ಕಡೆ ಹೆಣ್ಣುಮಕ್ಕಳನ್ನೇ ಯಾರೂ ಕೇಳಲ್ಲ, ನೀನು ಇಲಿಯನ್ನು ಕೇಳೋಕೆ ಹೊರಟಿದ್ದೀಯಲ್ಲ ಎಂದು ನಾನು ರೇಗಿಸಿದ್ದೆ. ಇಲಿಯಾದರೂ ನಿಜ ಹೇಳುತ್ತೆ ಮೇಡಂ ಎಂದು ಅವಳೂ ಬಿಟ್ಟುಕೊಡಲಿಲ್ಲ.

ಇಲಿಗಳಿಗೆ ಕತ್ತಲೆಯೇ ಹಗಲು. ಅದಕ್ಕೇ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಒಂದು ಕೆಂಪು ಬಲ್ಬು ಹಾಕಿ, ನಡುಹಗಲಲ್ಲೇ ಪ್ರಯೋಗದ ಕೋಣೆಯನ್ನು ಕತ್ತಲು ಮಾಡಿದ್ದರು. ಮೇಜಿನ ಮೇಲೆ ಮೂರು ಕೋಣೆಯ ಗಾಜಿನ ಪೆಟ್ಟಿಗೆ. ಒಂದು ತುದಿಯಲ್ಲಿ ಜಾಲರಿಯ ಹಿಂದೆ ಗಟ್ಟಿಮುಟ್ಟಾದ ಗಂಡು, ಇನ್ನೊಂದು ತುದಿಯಲ್ಲಿ ಬೀಜ ತೆಗೆದ ಗಂಡು. ಹೆಣ್ಣನ್ನು ನಡುವಿನ ಕೋಣೆಗೆ ಬಿಡಬೇಕು. ಆ ಹೆಣ್ಣುಗಳ ಅಂಡಾಶಯ ಮೊದಲೇ ತೆಗೆದಿದ್ದರಿಂದ ಅವಕ್ಕೆ ಯಾವ ಗಂಡಿನ ಗೊಡವೆಯೂ ಇರಲಿಲ್ಲ. ಹಾರ್ಮೋನನ್ನು ಎಣ್ಣೆಯಲ್ಲಿ ಬೆರೆಸಿ ಚುಚ್ಚಿದ ಮೇಲೆ ಅವು ಬೆದೆಗೆ ಬಂದು, ನೇರವಾಗಿ ಗಟ್ಟಿ ಗಂಡಿನ ಕಡೆಗೇ ಹೋಗಿ ಜಾಲರಿಗೆ ಮೂಗು ಒತ್ತುತ್ತಿದ್ದವು. ಎತ್ತಿ ನಡುವೆ ಇಟ್ಟರೂ ಮತ್ತೆ ಅಲ್ಲಿಗೇ. ಬೆದೆಗೆ ಬಂದ ಕುರಿ ಟಗರು ಹುಡುಕಿಕೊಂಡು ಹೋದಂಗೇ ಐತೆ ಎಂದು ಮಲ್ಲಕ್ಕ ನಕ್ಕಿದ್ದಳು. ಪಂಜರಗಳನ್ನು ತರುವುದು, ಒಯ್ಯುವುದು ಆಕೆಯ ಕೆಲಸವಾದ್ದರಿಂದ ಎಲ್ಲವನ್ನೂ ನೋಡುತ್ತಿದ್ದಳು.

ಆಮೇಲೆ ಇನ್ನೊಂದು ಗುಂಪಿನ ಸರದಿ. ಅದೇ ಹಾರ್ಮೋನು, ಜೊತೆಗೆ ಆ ಔಷಧ. ಆ ಹೆಣ್ಣು ನಡುವಿನ ಕೋಣೆಯಲ್ಲಿ ಕುಳಿತುಬಿಟ್ಟಿತು. ನಿದ್ದೆಯಲ್ಲ, ಕಣ್ಣು ಬಿಟ್ಟೇ ಇತ್ತು. ನಡೆಯುವ ಶಕ್ತಿಯೂ ಇತ್ತು, ಅದನ್ನು ತೇಜಸ್ವಿನಿ ಮೊದಲೇ ಪರೀಕ್ಷಿಸಿದ್ದಳು. ಒಮ್ಮೆ ಆ ಕಡೆ ಹೋಯಿತು, ಒಮ್ಮೆ ಈ ಕಡೆ, ಎರಡೂ ಒಂದೇ ಎನ್ನುವ ಹಾಗೆ. ಕೊನೆಗೆ ಬೀಜ ತೆಗೆದ ಗಂಡಿನ ಪಕ್ಕದಲ್ಲಿ ಮುದುಡಿ ಕುಳಿತಿತು. ಮಲ್ಲಕ್ಕ ಪೆಟ್ಟಿಗೆಯ ಎದುರು ಕುಕ್ಕರಗಾಲಲ್ಲಿ ಕುಳಿತವಳು ಏಳಲೇ ಇಲ್ಲ.

"ಏನು ಕೊಟ್ರಿ ತೇಜಮ್ಮ ಇದಕ್ಕೆ?" ಎಂದು ಕೇಳಿದಳು.

ಗಾಂಜಾದಲ್ಲಿರುವಂಥದ್ದೇ, ನಿಮ್ಮ ಕಡೆ ಭಂಗಿ ಸೊಪ್ಪು ಅಂತೀರಲ್ಲ, ಅದರ ಥರದ್ದು ಎಂದು ತೇಜಸ್ವಿನಿ ವಿವರಿಸಿದಳು. ಆಯ್ಕೆ ಮಾಡುವ ಆಸೆಯನ್ನೇ ಅದು ಮಂಕು ಮಾಡುತ್ತದೆ ಎಂಬುದು ಅವಳ ಅಂದಾಜಾಗಿತ್ತು. ಮಲ್ಲಕ್ಕ ಗಾಜಿಗೆ ಇನ್ನಷ್ಟು ಹತ್ತಿರ ಸರಿದಳು.

"ಆರಿಸ್ತಿರೋದು ತಾನಲ್ಲ ಅಂತ ಅದಕ್ಕೆ ಗೊತ್ತಾಗುತ್ತಾ?"

ತೇಜಸ್ವಿನಿ ಕೈಯಲ್ಲಿದ್ದ ಸ್ಟಾಪ್‌ವಾಚ್ ನಿಲ್ಲಿಸಿ ಆಕೆಯ ಕಡೆ ನೋಡಿದಳು. "ಅದನ್ನ ಅಳೆಯೋಕೆ ಬರಲ್ಲ ಮಲ್ಲಕ್ಕ," ಎಂದಳು.

ಆ ಮಧ್ಯಾಹ್ನ ಮಲ್ಲಕ್ಕ ಬುತ್ತಿ ಬಿಚ್ಚಲಿಲ್ಲ. ನಲ್ಲಿಯ ಹತ್ತಿರ ಬಾಟಲಿ ತೊಳೆಯುತ್ತ ನನಗೆ ಒಂದೊಂದಾಗಿ ಹೇಳಿದಳು. ವೀಳ್ಯದ ದಿನ ಬೆಳಿಗ್ಗೆ ರಂಗಕ್ಕ ಒಂದು ಲೋಟ ಹಾಲು ಕೊಟ್ಟಿದ್ದಳು. ಬೆಲ್ಲ, ಗಸಗಸೆ, ಏಲಕ್ಕಿ, ಅದರ ಕೆಳಗೆ ಒಂದು ಹಸಿರು ಘಾಟು. ಆಮೇಲೆ ಆಕೆಗೆ ನೆನಪಿರುವುದು ಚಪ್ಪರದ ಮಾವಿನೆಲೆ ಮಾತ್ರ. ಮಂದಿಯ ಮುಖ ನೆನಪಿಲ್ಲ. ಕೈ ಭಾರವಾಗಿತ್ತು, ಕೈ ತಟ್ಟೆಯ ಮೇಲಿತ್ತು, ಬಾವಿಯೊಳಗಿಂದ ಕೇಳಿದ ಹಾಗೆ ಒಪ್ಪಿದ್ಲು ಒಪ್ಪಿದ್ಲು ಎಂದು ಯಾರೋ ಅಂದರು. ಗೌರಮ್ಮನ ಹಂಗೆ ಕುಂತಿದ್ಲು ಎಂದು ಊರೆಲ್ಲ ಹೊಗಳಿತ್ತು. ಇಷ್ಟು ವರ್ಷ ಅದನ್ನು ಆಕೆ ನಾಚಿಕೆ ಅಂದುಕೊಂಡಿದ್ದಳು, ತನ್ನ ಮನಸ್ಸು ತಿಳಿಯಾದದ್ದು ಅಂದುಕೊಂಡಿದ್ದಳು. ರಂಗಕ್ಕ ಭೇದಿ ಹತ್ತಿದ ಕುರಿಗಳಿಗೆ ಭಂಗಿ ಅರೆದು ಕುಡಿಸುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಗಸಗಸೆಗೇ ಮಂಪರು ಬಂದಿರಬಹುದು ಎಂದು ನಾನು ಹೇಳಿ ನೋಡಿದೆ. ಇರಬಹುದು ಎಂದಳು. ಆದರೆ ಆವತ್ತಿನಿಂದ ಊಟದ ಹೊತ್ತಿನಲ್ಲಿ ತನ್ನ ಮದುವೆಯ ಮಾತು ಎತ್ತಲಿಲ್ಲ. ಯಾರಾದರೂ ಕೆಣಕಿದರೆ ಎದ್ದು ಪಂಜರದ ಕಡೆ ಹೋಗುತ್ತಿದ್ದಳು. ಒಬ್ಬ ಹೆಂಗಸಿನ ಹತ್ತಿರ ಇದ್ದದ್ದೇ ಒಂದು ಜಂಬ, ಅದೂ ಹೋಯಿತಲ್ಲ ಎಂದು ನನಗೆ ಅನ್ನಿಸಿತು.

ಮೋನಿಕಾಳ ವೀಳ್ಯ ಹತ್ತಿರ ಬಂತು. ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ, ಆ ಮುದುಕಿಯ ಕೈಯಿಂದ ನೀರೂ ಕುಡಿಯಬೇಡ ಅನ್ನಿ ಎಂದು ನಾನು ಒತ್ತಾಯ ಮಾಡಿದೆ. ಮಲ್ಲಕ್ಕನ ಕಣ್ಣಲ್ಲಿ ನೀರು ಬಂತು.

"ನಿಮ್ಮಪ್ಪನ್ನ ನಾನು ಒಪ್ಪಿರ್ಲಿಲ್ಲ ಅಂತ ಹೆತ್ತ ಮಗಳಿಗೆ ಹೆಂಗೆ ಹೇಳ್ಲಿ ಉಷಮ್ಮ?"

ಆ ಹುಡುಗಿಯ ಎದುರು ಎಂದೂ ಈ ಮಾತು ಎತ್ತಬಾರದು ಎಂದು ನನ್ನ ಕೈ ಹಿಡಿದು ಕೇಳಿಕೊಂಡಳು. ಆ ದಿನ ಅಡುಗೆಮನೆ ಬಿಟ್ಟು ತಾನು ಕದಲುವುದಿಲ್ಲ, ಮಗಳನ್ನು ತಿಳಿಯಾದ ತಲೆಯಲ್ಲಿ ಕೂರಿಸುತ್ತೇನೆ, ಆಮೇಲೆ ಅವಳು ಹೂಂ ಅನ್ನಲಿ ಉಹೂಂ ಅನ್ನಲಿ ಎಂದಳು. ಆಕೆಗೆ ಬೇಕಿದ್ದದ್ದು ಅಷ್ಟೇ.

ಆ ಭಾನುವಾರ ನಾನೂ ಹೋಗಿದ್ದೆ. ಮನೆ ಮುಂದೆ ಶಾಮಿಯಾನ, ಒಳಗೆ ನಡುಮನೆಯಲ್ಲಿ ಜಮಖಾನ. ಮೋನಿಕಾಳ ಸ್ಟುಡಿಯೋದ ಬಿಂದು ಎಂಬ ಹುಡುಗಿ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದಳು. ಕುಲದ ಯಜಮಾನ ಎತ್ತಪ್ಪ ಹೊಸದುರ್ಗದಿಂದ ಇನ್ನೂ ಬರಬೇಕಿತ್ತು. ನಾನು ಅಡುಗೆಮನೆಗೆ ಹೋದಾಗ ಮಲ್ಲಕ್ಕ ಬಾಗಿಲಲ್ಲಿ ಗರಬಡಿದವಳಂತೆ ನಿಂತಿದ್ದಳು. ಆಕೆ ಬಂದವರಿಗೆ ಮಜ್ಜಿಗೆ ಕೊಟ್ಟು ಬರುವಷ್ಟರಲ್ಲಿ ಒಲೆಯ ಮುಂದೆ ರಂಗಕ್ಕ ಕುಳಿತಾಗಿತ್ತು. ಒರಳಲ್ಲಿ ಹಸಿರು ಅಂಟಿತ್ತು. ಲೋಟದಲ್ಲಿ ಹಾಲು ಆರುತ್ತಿತ್ತು. ನನ್ನ ಅಮ್ಮ ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುತ್ತಿದ್ದಳು. ಇದು ಬೆಳ್ಳಗೂ ಇರಲಿಲ್ಲ.

"ದೊಡ್ಡವ್ವ, ನನಗೂ ಕೊಟ್ಟಿದ್ಯಾ?" ಎಂದು ಮಲ್ಲಕ್ಕ ಮೆಲ್ಲಗೆ ಕೇಳಿದಳು.

ರಂಗಕ್ಕ ತಲೆ ಎತ್ತಿದಳು. ಮುಚ್ಚಿಡುವ ಯೋಚನೆಯೇ ಆ ಮುಖದಲ್ಲಿರಲಿಲ್ಲ. "ಕೊಟ್ಟಿದ್ದೆ. ಅಳ್ತಿದ್ದೆಲ್ಲ ನೀನು. ಅಳೋ ಹೆಣ್ಣನ್ನ ಅಷ್ಟು ಮಂದಿ ಮುಂದೆ ಹೆಂಗೆ ಕುಂದ್ರಿಸ್ಲಿ? ನನಗೂ ನಮ್ಮವ್ವ ಕೊಟ್ಟಿದ್ಲು. ಏನಾಯ್ತು, ಬಾಳ್ವೆ ಮಾಡ್ಲಿಲ್ವಾ ನಾವು?"

ನಾನು ಲೋಟಕ್ಕೆ ಕೈ ಹಾಕಿ, ಕೊಡಿ ಇಲ್ಲಿ, ಬಚ್ಚಲಿಗೆ ಸುರಿಯುತ್ತೇನೆ ಎಂದೆ. ಇಬ್ಬರೂ ಒಟ್ಟಿಗೇ ನನ್ನ ಕೈ ತಡೆದರು. ರಂಗಕ್ಕ ತಡೆದದ್ದು ನನಗೆ ಅರ್ಥವಾಯಿತು, ಮಲ್ಲಕ್ಕ ತಡೆದದ್ದು ಆಗಲಿಲ್ಲ. ಬೆಳಿಗ್ಗೆ ಕರೆದ ಮೊದಲ ಹಾಲು ಅದು, ಮನೆದೇವರಿಗೆ ತೋರಿಸಿ ತೆಗೆದಿಟ್ಟದ್ದು. ಕುರಿ ಸಾಕುವ ಮನೆಯಲ್ಲಿ ಹಾಲನ್ನು ಬೇಕೆಂದೇ ಚೆಲ್ಲಿದವರಿಲ್ಲ, ಅದರಲ್ಲೂ ವೀಳ್ಯದ ದಿನದ ಹಾಲು ನೆಲಕ್ಕೆ ಬಿದ್ದರೆ ಹಟ್ಟಿ ಬರಿದಾಗುತ್ತದೆ ಎಂಬುದು ಆಕೆಗೆ ಎದೆಹಾಲಿನ ಜೊತೆ ಬಂದ ನಂಬಿಕೆ. ಅಷ್ಟು ದೊಡ್ಡ ಮೋಸ ಮಾಡಿದ ಹಾಲನ್ನೂ ಆಕೆಯಿಂದ ಚೆಲ್ಲಲಾಗಲಿಲ್ಲ. ಇಟ್ಟರೆ ಮಗಳು ಕುಡಿಯಬೇಕು. ನಿಂತಲ್ಲೇ ಲೋಟ ಎತ್ತಿ ಒಂದೇ ಗುಕ್ಕಿಗೆ ತಾನೇ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

ರಂಗಕ್ಕ ತಂದಿದ್ದ ಸೊಪ್ಪು ಅಷ್ಟೇ, ಇನ್ನೊಂದು ಲೋಟಕ್ಕೆ ಉಳಿದಿರಲಿಲ್ಲ. ಮುದುಕಿ ಬೈಯಲಿಲ್ಲ, ಕೂಗಲಿಲ್ಲ, ಖಾಲಿ ಲೋಟ ತೊಳೆದು ಬೋರಲು ಹಾಕಿದಳು. ನನಗೇನೂ ಆಗಲ್ಲ ಉಷಮ್ಮ, ಆವತ್ತು ಎಳೇ ಹುಡುಗಿ, ಈಗ ಗಟ್ಟಿ ದೇಹ ಎಂದಳು ಮಲ್ಲಕ್ಕ. ಯಜಮಾನ ಆಗಲೇ ಬಂದಿದ್ದರೆ ಆಕೆಯ ಮಾತು ನಿಲ್ಲುತ್ತಿತ್ತೋ ಏನೋ. ಎತ್ತಪ್ಪ ಬಂದದ್ದು ಊಟದ ಹೊತ್ತಾದ ಮೇಲೆ.

ಕುಲದ ಹೆಂಗಸರೆಲ್ಲ ಜಮಖಾನದ ಮೇಲೆ ಕುಳಿತರು. ಮಲ್ಲಕ್ಕ ಹೇಳಿದ ಮಾತಿನಂತೆ ಮಗಳ ಎದುರಿಗೇ, ಕಂಬಕ್ಕೆ ಒರಗಿ ಕುಳಿತಳು. ಹೊರಗಿನವಳಾದ ನನಗೆ ಬಾಗಿಲ ಹತ್ತಿರ ಕುರ್ಚಿ ಹಾಕಿದ್ದರು. ಅಲ್ಲಿಂದ ಆಕೆಯ ಮುಖ ನೇರವಾಗಿ ಕಾಣುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು. ಹಣೆಯ ಗೆರೆಗಳೆಲ್ಲ ಹೋಗಿದ್ದವು. ಅಷ್ಟು ವರ್ಷ ನಾನು ಕಂಡ ಮಲ್ಲಕ್ಕನ ಮುಖವೇ ಅಲ್ಲ ಅದು.

ಎತ್ತಪ್ಪ ತಟ್ಟೆಯನ್ನು ಮುಂದೆ ಸರಿಸಿ, "ಒಪ್ಪಿಗೆ ಐತೇನವ್ವಾ?" ಎಂದು ಕೇಳಿದ. ಮೋನಿಕಾ ಕೈ ಮಡಿಲಲ್ಲೇ ಇಟ್ಟುಕೊಂಡು ತಲೆ ಎತ್ತಿ ತಾಯಿಯನ್ನು ನೋಡಿದಳು. ನಾನು ಎದ್ದು ನಿಂತು, ಮಲ್ಲಕ್ಕನಿಗೆ ಹುಷಾರಿಲ್ಲ, ಸ್ವಲ್ಪ ತಡೀರಿ ಎಂದೆ.

"ಕುಂತ್ಕಳ್ರಿ ಮೇಡಂ. ನಡುವೆ ಯಾರೂ ಬಾಯಿ ಹಾಕಂಗಿಲ್ಲ. ಹುಡುಗಿ ಮನಸ್ಸಿನಾಗೆ ಏನೈತೋ ಅದೇ ಬರ್ಲಿ," ಎಂದ ಎತ್ತಪ್ಪ. ಆತ ಹೇಳಿದ್ದು ನ್ಯಾಯವೇ ಆಗಿತ್ತು.

ಮೋನಿಕಾ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಮಲ್ಲಕ್ಕನ ತಲೆ ಮೆಲ್ಲಗೆ ಮುಂದಕ್ಕೆ ವಾಲಿ ಮತ್ತೆ ಕಂಬಕ್ಕೆ ಒರಗಿತು. ತಾಯಿ ಹೂಂ ಅಂದ್ಲು ಎಂದು ಪಕ್ಕದ ಹೆಂಗಸರು ಪಿಸುಗುಟ್ಟಿದರು. ಬಿಂದುವಿನ ಕ್ಯಾಮೆರಾ ಫಳಕ್ ಎಂದಿತು. ಹುಡುಗಿ ಕೈ ಚಾಚಿ ಎಲೆಅಡಿಕೆ ಎತ್ತಿಕೊಂಡಳು.

ಮಲ್ಲಕ್ಕನಿಗೆ ಎಚ್ಚರವಾದಾಗ ಸಂಜೆಯಾಗಿತ್ತು, ಶಾಮಿಯಾನ ಬಿಚ್ಚುತ್ತಿದ್ದರು. ಕೇಳಿದರಾ ಎಂದಳು. ಕೇಳಿದರು, ಒಪ್ಪಿದಳು ಎಂದ ಈರಬಸಪ್ಪ. ಆಕೆ ಗೋಡೆ ಕಡೆ ತಿರುಗಿದಳು. ಎರಡು ದಿನ ಬಿಟ್ಟು ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಬೇಡ ಅಂದಿದ್ದೆಯಲ್ಲ, ಯಾಕೆ ತಗೊಂಡೆ ಎಂದು ಕೇಳಿದಳಂತೆ. ಯಾರೂ ತಳ್ಳಲಿಲ್ಲ ಅವ್ವ, ನಾನೇ ತಗೊಂಡೆ ಎಂದಳಂತೆ ಮೋನಿಕಾ. ತನ್ನದೇ ಮಾತು ಮಗಳ ಬಾಯಿಂದ ಕೇಳಿದ ಮೇಲೆ ಮಲ್ಲಕ್ಕನಿಗೆ ಮುಂದೆ ಕೇಳುವ ಧೈರ್ಯ ಬರಲಿಲ್ಲ.

ಮದುವೆ ಆಯಿತು. ತೇಜಸ್ವಿನಿಯ ಪ್ರಯೋಗವೂ ಮುಗಿಯಿತು. ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಉಳಿಸಿಕೊಳ್ಳುವುದಿಲ್ಲ, ನೋವಾಗದ ಹಾಗೆ ಕೊನೆಗಾಣಿಸುವುದೇ ನಿಯಮ. ಮಲ್ಲಕ್ಕ ಒಂದೊಂದನ್ನೇ ಅಂಗೈಯಲ್ಲಿ ತಂದು ಕೊಟ್ಟಳು. ಖಾಲಿ ಪಂಜರಗಳನ್ನು ತೊಳೆದು ಬಿಸಿಲಿಗೆ ಇಟ್ಟಳು. ಊಟಕ್ಕೆ ಮಾತ್ರ ನಮ್ಮ ಜೊತೆ ಕೂರುವುದನ್ನು ಬಿಟ್ಟಳು.

ಯುಗಾದಿಗೆ ನನ್ನನ್ನು ಮನೆಗೆ ಕರೆದಿದ್ದಳು. ಮೋನಿಕಾ ಹಿರಿಯೂರಿನಿಂದ ಬಂದಿದ್ದಳು, ಸೊರಗಿದ್ದಳು. ಹೊಸದುರ್ಗ ದೂರವಾಯಿತು ಎಂದು ಓಬಳೇಶ್ ಕೆಲಸ ಬಿಡಿಸಿದ್ದ. ಅವನು ಬಯ್ಯುವುದಿಲ್ಲವಂತೆ, ಮನೆಯಲ್ಲಿರುವುದೂ ಇಲ್ಲವಂತೆ. ಇದನ್ನೆಲ್ಲ ಹುಡುಗಿ ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. ಆಮೇಲೆ ಚೀಲದಿಂದ ಪೇಪರ್ ಸುತ್ತಿದ ಒಂದು ಫ್ರೇಮ್ ತೆಗೆದಳು. ಸ್ಟುಡಿಯೋ ಬಿಡುವ ಮುಂಚೆ ಕೊನೆಯದಾಗಿ ಮಾಡಿದ ಕೆಲಸ ಎಂದಳು.

ಬಿಂದು ತೆಗೆದ ಫೋಟೋ ಅದು. ಕಂಬಕ್ಕೆ ಒರಗಿದ ಮಲ್ಲಕ್ಕ, ಅರ್ಧ ಮುಚ್ಚಿದ ಕಣ್ಣು, ಒಂದು ಗೆರೆಯೂ ಇಲ್ಲದ ಹಣೆ.

"ಇದಕ್ಕೆ ನಾನು ಏನೂ ಮಾಡಿಲ್ಲ ಉಷಕ್ಕ, ಇದ್ದಂಗೇ ಬಂದೈತೆ," ಎಂದಳು ಮೋನಿಕಾ. "ಅವ್ವ ಇಷ್ಟು ನೆಮ್ಮದಿಯಾಗಿ ಕುಂತಿದ್ದು ನಾನು ಹುಟ್ಟಿದಾಗಿನಿಂದ ನೋಡಿರ್ಲಿಲ್ಲ. ಬೇಡ ಅನ್ನಾಣ ಅಂತ್ಲೇ ತಲೆ ಎತ್ತಿದ್ದೆ. ಈ ಮುಖ ನೋಡಿ ತಗೊಂಡೆ."

ನನ್ನ ಬಾಯಿ ಜೋರು ಎಂದೆನಲ್ಲ, ಆ ದಿನ ಅದು ಅಂಟಿಕೊಂಡುಬಿಟ್ಟಿತು. ಮಲ್ಲಕ್ಕ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳಿಬಿಡುತ್ತಾಳೆ ಎಂದು ನಾನು ಕಾದೆ.

"ಹೂಂ ಕಣವ್ವ," ಎಂದಳು. "ಅವತ್ತು ನೆಮ್ಮದಿಯಾಗಿದ್ದೆ."

ಬಾಗಿಲ ಎದುರಿನ ಗೋಡೆಗೇ ಹಾಕೋಣ ಎಂದು ಮೋನಿಕಾ ಜಾಗ ತೋರಿಸಿದಳು. ಮಲ್ಲಕ್ಕ ಮೊಳೆ ಹುಡುಕಲು ಒಳಗೆ ಹೋದಳು.